ಮಂಡಿಹಲಗೆಯ ಕೆಳಗಿನ ಸಾಲು

ಜನವರಿ ೯

ಸೊಟ್ಟನಿಗೆ,

ನಿನ್ನ ಹೊಸ ವರ್ಷದ ಪತ್ರ ತಲುಪಿತು. ಅದರಲ್ಲಿ ಏಳು ತಪ್ಪುಗಳಿದ್ದವು. ಆರನ್ನು ಕ್ಷಮಿಸಿದ್ದೇನೆ. ಏಳನೆಯದು ನನ್ನ ವಯಸ್ಸಿಗೆ ಸಂಬಂಧಿಸಿದ್ದು. ನನಗೆ ಎಪ್ಪತ್ತಾಗಿಲ್ಲ, ಅರವತ್ತೆಂಟು. ನಾಲ್ಕನೆಯ ತರಗತಿಯಲ್ಲಿ ಅಡಿಗೆರೆಯನ್ನು ಒಮ್ಮೆಯೂ ನೆಟ್ಟಗೆ ಎಳೆಯದ ನಿನಗೆ ಸೊಟ್ಟ ಎಂದು ಹೆಸರಿಟ್ಟವಳು ನಾನೇ. ಇಂದು ನೀನು ಬಾಗಿದ ಗೆರೆಗಳಿಂದಲೇ ಜೀವನ ಸಾಗಿಸುತ್ತಿರುವುದು ನನ್ನ ಪಾಠದ ಸೋಲೋ ಗೆಲುವೋ ಇನ್ನೂ ತೀರ್ಮಾನವಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ತಂಗಿ ಸಮುದ್ರದ ಅಲೆಯೇರುವ ಮಂಡಿಹಲಗೆ ಕೆಟ್ಟಿದೆ. ಬಾಲದ ಬಳಿ ಬಿರುಕು ಬಿಟ್ಟು ಒಳಗಿನ ಫೋಮ್ ನೀರು ಕುಡಿದಿದೆ. ಎತ್ತಿದರೆ ತೊಯ್ದ ಹಾಸಿಗೆಯಷ್ಟು ಭಾರ. ಆದ್ದರಿಂದ ಹೊಸದೊಂದು ಬೇಕಂತೆ. ಎಂದಿನಂತೆ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಮೂವತ್ತೆರಡು ವರ್ಷಗಳಲ್ಲಿ ಇದು ಆರನೆಯ ಹಲಗೆ. ಅವಳ ಮಾತನ್ನು ಅವಳು ಆಡಿದಂತೆಯೇ ಇಳಿಸುತ್ತಿದ್ದೇನೆ; ಭಾಷೆಗೆ ನಾನು ಹೊಣೆಯಲ್ಲ.

"ಉದ್ದ ಆರಡಿ ಇರಲಿ ಅಂತ ಬರಿ. ಹೋದ ಸಲಕ್ಕಿಂತ ನಾಲ್ಕಿಂಚು ಜಾಸ್ತಿ. ಅಗಲ ಇಪ್ಪತ್ತನಾಲ್ಕು. ಮಧ್ಯೆ ದಪ್ಪ ಮೂರಿಂಚಿಗೆ ಕಮ್ಮಿ ಬೇಡ. ಮೂತಿ ಚೂಪು ಬೇಡ, ಅಗಲವಾಗಿ ಇರಲಿ. ಮೂತಿ ಮೇಲಕ್ಕೆ ಬಾಗೋದೂ ಬೇಡ, ಆದಷ್ಟು ಸಪಾಟು. ಅಲೆ ಮೇಲೆ ಹೇಗಾದ್ರೂ ಇರಲಿ, ಕೈಗೆ ಹಗುರವಾಗಿರಲಿ. ನನ್ನ ಒಂದೇ ಕಾಲಿನ ಕಥೆ ಅವನಿಗೆ ಗೊತ್ತಲ್ಲ."

ಗೊತ್ತಿರಲೇಬೇಕು. ಎಡಗಾಲಿನ ಹರಡು ಮಡಿಸಲು ಬಾರದವಳು ಹಲಗೆಯ ಮೇಲೆ ನಿಲ್ಲುವುದಾದರೂ ಹೇಗೆ? ಅದಕ್ಕೇ ಅಲ್ಲವೇ ಮಂಡಿಯೂರಿ ಅಲೆಯೇರುವ ಈ ವಿದ್ಯೆಯನ್ನು ನೀನು ಅವಳಿಗೆ ಅಂಟಿಸಿದ್ದು. ಈಜುರೆಕ್ಕೆಯನ್ನೂ ಬಲಗಾಲಿಗೆ ಮಾತ್ರ ಕಟ್ಟಿಕೊಳ್ಳುತ್ತಾಳೆ. ಮಿಕ್ಕಿದ್ದೆಲ್ಲ ಕೈಯ ಕೆಲಸ.

ಉತ್ತರ ಬರೆ. ನಿಧಾನವಾಗಿ, ಗುಂಡಗೆ ಬರೆ.

ನಿನ್ನ ಟೀಚರ್


ಜನವರಿ ೧೧

ಸೊಟ್ಟನಿಗೆ,

ಇದು ತಂಗಿಗೆ ತಿಳಿಯದಂತೆ ಬರೆಯುತ್ತಿರುವ ಪತ್ರ. ಅವಳು ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕುಳಿತಿದ್ದಾಳೆ. ನಾನು ಅಂಚೆ ಕಚೇರಿಯ ಬೆಂಚಿನ ಮೇಲಿದ್ದೇನೆ.

ಮೊನ್ನೆಯ ಅಳತೆಗಳನ್ನು ಹೊಡೆದುಹಾಕು.

ಡಿಸೆಂಬರಿನಲ್ಲಿ ಅವಳನ್ನು ಹೃದಯದ ವೈದ್ಯರಿಗೆ ತೋರಿಸಿದೆ. ಹೃದಯ ಹಿಗ್ಗಿದೆ, ಬಡಿತದಲ್ಲಿ ಬಲವಿಲ್ಲ, ಇನ್ನು ಸಮುದ್ರದ ಸಹವಾಸ ಬೇಡ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅವಳು ಅವರನ್ನೇ ಕೇಳಿದಳು: "ಡಾಕ್ಟ್ರೇ, ಹೃದಯ ದೊಡ್ಡದು ಅಂತ ಊರಲ್ಲೆಲ್ಲ ಹೊಗಳ್ತಾರೆ. ನೀವೊಬ್ರೇ ಅದನ್ನ ಕಾಯಿಲೆ ಅನ್ನೋದು." ಅವರು ನಕ್ಕರು. ನಾನು ನಗಲಿಲ್ಲ. ಮರುವಾರವೇ ಹೊಸ ಹಲಗೆಯ ಮಾತೆತ್ತಿದಳು. ಕೈಗೆ ಹಗುರವಾದದ್ದು ಬೇಕೆಂದರೆ ಏನರ್ಥ? ಮೊದಲಿಗಿಂತ ದೂರ ಹೋಗುವ ಹುನ್ನಾರ ಎಂದಲ್ಲವೇ?

ನಾನು ಬೇಡವೆಂದರೆ ಹಟಕ್ಕೆ ಬೀಳುತ್ತಾಳೆ. ಅವಳ ಹಟ ನಿನಗೆ ಗೊತ್ತು. ಆದ್ದರಿಂದ ನೋಡಲು ಸರಿಯಾಗಿದ್ದು ನೀರಿನಲ್ಲಿ ಮುಂದೆ ಸಾಗದಂಥ ಹಲಗೆಯೊಂದನ್ನು ಮಾಡಿಕೊಡು. ಉದ್ದ, ಅಗಲ, ಅಂಚುಗಳು ಹಳೆಯದರಂತೆಯೇ ಇರಲಿ. ನಡುವಿನ ದಪ್ಪವನ್ನು ಮಾತ್ರ ಮೇಲಿನಿಂದ ಕೆತ್ತಿ ತೆಗೆ, ತಟ್ಟೆಯ ಹಾಗೆ. ತೇಲುವ ಶಕ್ತಿ ಕಡಿಮೆಯಾದರೆ ನಾಲ್ಕು ದಿನ ಪ್ರಯತ್ನಿಸಿ, ತನ್ನ ಕೈ ಸೋತಿತೆಂದು ತಾನೇ ಬಿಟ್ಟುಬಿಡುತ್ತಾಳೆ. ಆಗ ಅವಳಿಗೆ ಯಾರ ಮೇಲೂ ಸಿಟ್ಟಿರುವುದಿಲ್ಲ.

ಓದಿದ ಮೇಲೆ ಈ ಪತ್ರವನ್ನು ಹರಿದುಹಾಕು.

ನಿನ್ನ ಟೀಚರ್


ಜನವರಿ 24

ಟೀಚರ್‌ಗೆ ನಮಸ್ಕಾರ.

ಪತ್ರ ಹರಿದಿಲ್ಲ. ನಿಮ್ಮ ಅಕ್ಷರ ಇರುವ ಕಾಗದ ಹರಿಯಲು ಈ ವಯಸ್ಸಿನಲ್ಲೂ ಕೈ ಬರುವುದಿಲ್ಲ. ಫೋಮ್ ಕೊರೆಯುವ ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದ್ದೇನೆ.

ನಾನು ಎರಡು ವಾರ ಕೆಲಸ ಶುರು ಮಾಡಲಿಲ್ಲ. ಹೆಂಡತಿ ಕೇಳಿದಳು, "ಏನ್ರೀ, ಬೆಳಿಗ್ಗೆಯಿಂದ ಒಂದೇ ತುಂಡು ಸವರ್ತಾ ಕೂತಿದ್ದೀರಿ, ಅದೇನು ಬೆಕ್ಕಾ?" ವಿಷಯ ಹೇಳಿದೆ. "ಟೀಚರ್ ಹೇಳಿದ್ರೆ ನೀವು ಬಾವಿಗೂ ಬೀಳ್ತೀರಿ. ಆದ್ರೆ ಈ ಸಲ ಬಾವಿಗೆ ಬೀಳೋರು ನೀವಲ್ಲವಲ್ಲ" ಅಂದಳು.

ಟೀಚರ್, ನಿಮಗೆ ಪಾಠ ಹೇಳುವಷ್ಟು ದೊಡ್ಡವನಲ್ಲ. ಆದರೆ ಇದೊಂದು ವಿಷಯದಲ್ಲಿ ನನ್ನ ಮಾತು ಕೇಳಿ. ಮಂಡಿಹಲಗೆಗೆ ಎರಡು ಕೆಲಸ. ಮೊದಲನೆಯದು, ಬೋರಲು ಮಲಗಿ ಕೈಯಿಂದ ನೀರು ಎಳೆದುಕೊಂಡು ಅಲೆ ಹುಟ್ಟುವ ಜಾಗಕ್ಕೆ ಹೋಗುವುದು. ನಿಮ್ಮ ತಂಗಿ, ನಮ್ಮ ಚಿಕ್ಕಕ್ಕ, ಅದಕ್ಕೆ ಕೈಹುಟ್ಟು ಅನ್ನುತ್ತಾರೆ, ಕೈಯೇ ದೋಣಿಯ ಹುಟ್ಟು ಅಂತ. ಎರಡನೆಯದು, ಅಲೆ ಬಂದಾಗ ಮಂಡಿಯೂರಿ ಎದ್ದು ಅದರ ಇಳಿಜಾರಲ್ಲಿ ಜಾರುವುದು. ಈ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ, ಅತ್ತೆ ಸೊಸೆ ಇದ್ದ ಹಾಗೆ. ದಪ್ಪ, ಅಗಲ ಮೂತಿ, ಸಪಾಟು ಮೈ ಇದ್ದರೆ ಕೈಹುಟ್ಟಿಗೆ ಸುಖ. ಹಲಗೆ ನೀರಿನ ಮೇಲೆ ಎತ್ತರಕ್ಕೆ ಕೂತು ಒಂದು ಎಳೆತಕ್ಕೆ ಎರಡು ಮಾರು ಹೋಗುತ್ತದೆ. ಆದರೆ ಕಡಿದಾದ ಅಲೆಯಲ್ಲಿ ಅದರ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ, ದಪ್ಪ ಅಂಚು ತಿರುಗಲು ಒಪ್ಪುವುದಿಲ್ಲ. ತೆಳ್ಳಗೆ ಕೆತ್ತಿದರೆ ಉಲ್ಟಾ. ಮಲಗಿದರೆ ಎದೆಯವರೆಗೂ ಮುಳುಗಿ ಹೆಜ್ಜೆ ಹೆಜ್ಜೆಗೂ ನೀರು ತಡೆಯುತ್ತದೆ.

ನೀವು ತಟ್ಟೆಯ ಹಾಗೆ ಕೆತ್ತು ಅಂದಿರಿ. ನಿಮಗೆ ಗೊತ್ತಿಲ್ಲದೆ ನೀವು ಹೇಳಿದ್ದು ಅಲೆಗೆ ಎಲ್ಲಕ್ಕಿಂತ ಒಳ್ಳೆಯ ಆಕಾರ. ಮಂಡಿ ತಗ್ಗಿನಲ್ಲಿ ಕೂತು ನೀರಿಗೆ ಹತ್ತಿರವಾಗುತ್ತದೆ, ಹಲಗೆ ಅಲೆಯನ್ನು ಕಚ್ಚಿ ಹಿಡಿಯುತ್ತದೆ. ಕೈಗೂ ಕೆಟ್ಟದು, ಅಲೆಗೂ ಕೆಟ್ಟದು ಆಗುವ ಹಲಗೆ ಮಾಡಲು ನನಗೆ ಬರುವುದಿಲ್ಲ.

ಇನ್ನೊಂದು ಮಾತು. ಚಿಕ್ಕಕ್ಕನ ಬೆರಳು ಗಡಿಯಾರದ ಬೆರಳು. ಕೂದಲೆಳೆ ವ್ಯತ್ಯಾಸ ಆದರೂ ಗೊತ್ತಾಗುತ್ತದೆ.

ಬೇಡ ಟೀಚರ್. ಅವರಿಗೆ ಬಾಯಿ ಬಿಟ್ಟು ಹೇಳಿ.

ನಿಮ್ಮ ಸೊಟ್ಟ


ಫೆಬ್ರವರಿ ೨

ಸೊಟ್ಟನಿಗೆ,

ಬಾಯಿ ಬಿಟ್ಟು ಹೇಳು ಎಂದು ಬರೆದಿದ್ದೀಯೆ. ಐವತ್ತೊಂದು ವರ್ಷಗಳಿಂದ ನಾನು ಅವಳಿಗೆ ಹೇಳಲಾಗದ ಮಾತು ಇನ್ನೊಂದಿದೆ. ಮೊದಲು ಅದನ್ನು ಹೇಳಿ ಮುಗಿಸಬೇಕಾಗುತ್ತದೆ.

ಅವಳ ಕಾಲು ಹುಟ್ಟಿನಿಂದಲೇ ಹಾಗೆ ಎಂದು ನೀನು ತಿಳಿದಿರಬಹುದು. ಅಲ್ಲ. ನನಗೆ ಹದಿನೇಳು, ಅವಳಿಗೆ ಒಂಬತ್ತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟಿದ್ದೆ. ಪರೀಕ್ಷೆಯ ಫಲಿತಾಂಶ ನೋಡುವ ಆತುರ ನನಗೆ. "ಅಕ್ಕಾ ನಿಧಾನ, ಕಾಲು ಸಿಕ್ಕಿಕೊಳ್ಳುತ್ತೆ" ಎಂದು ಅವಳು ಎರಡು ಸಲ ಹೇಳಿದಳು. ಇಳಿಜಾರಿತ್ತು. ನಾನು ಇನ್ನೂ ಜೋರಾಗಿ ತುಳಿದೆ. ಹಿಂದಿನ ಗಾಲಿಯ ಕಡ್ಡಿಗಳ ನಡುವೆ ಹರಡು ಸಿಕ್ಕಿ ಮುರಿಯಿತು. ಅಂದು ನಾನು ಶಾಲೆಗೇ ಮೊದಲಿಗಳಾಗಿ ತೇರ್ಗಡೆಯಾಗಿದ್ದೆ. ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಅವಳೂ ಬಯ್ಯಲಿಲ್ಲ.

ಅವಳು ನಿಧಾನ ಎಂದಾಗ ನಾನು ನಿಲ್ಲಿಸಲಿಲ್ಲ. ಈಗ ಅವಳು ಹೋಗುತ್ತೇನೆ ಎನ್ನುತ್ತಿದ್ದಾಳೆ. ಈಗಲಾದರೂ ನಾನು ನಿಲ್ಲಿಸಬೇಕು.

ಎರಡು ಸಲ ನಪಾಸಾದ ನಿನ್ನನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಓದಿಸಿದೆ. ದೋಣಿ ಕಟ್ಟುವ ಅಂಗಳಕ್ಕೆ ನಿನ್ನನ್ನು ಸೇರಿಸಿಕೊಳ್ಳಿರೆಂದು ಮೇಸ್ತ್ರಿಯ ಮುಂದೆ ನಿಂತೆ. ಅದಕ್ಕೆ ಪ್ರತಿಯಾಗಿ ಎಂದಾದರೂ ಏನಾದರೂ ಕೇಳಿದ್ದೇನೆಯೇ? ಈಗ ಕೇಳುತ್ತಿದ್ದೇನೆ. ಇದು ಶೋಭೆಯ ಮಾತಲ್ಲವೆಂಬುದು ನನಗೂ ಗೊತ್ತು.

ಅಲೆಗೆ ಒಳ್ಳೆಯದಾಗುತ್ತದೆ ಎಂದೆಯಲ್ಲ, ಆಗಲಿ. ಅಲೆಯವರೆಗೆ ಹೋದರಲ್ಲವೇ.

ನಿನ್ನ ಟೀಚರ್


ಮಾರ್ಚ್ 15

ಟೀಚರ್‌ಗೆ ನಮಸ್ಕಾರ.

ಹಲಗೆಯನ್ನು ಇವತ್ತು ಲಾರಿಗೆ ಹಾಕಿದೆ. ನೀವು ಹೇಳಿದ ಹಾಗೇ ಇದೆ. ಅಂಚು ಮೂರು ಬೆರಳು, ಮಧ್ಯೆ ಒಂದೂವರೆ ಇಂಚು. ಚಿಕ್ಕಕ್ಕ ಕೇಳಿದರೆ ಹೊಸ ಮಾದರಿ ಅಂತ ಹೇಳಿ. ನನ್ನ ಬಾಯಲ್ಲಿ ಆ ಸುಳ್ಳು ಹೊರಡುವುದಿಲ್ಲ, ಕಾಗದದಲ್ಲೂ.

ಎಂದಿನಂತೆ ಕೆಳಗಿನ ಮೈಯಲ್ಲಿ ಪೆನ್ಸಿಲಿಂದ ಒಂದು ಸಾಲು ಬರೆದಿದ್ದೇನೆ. ಅದು ನನ್ನ ಗುರು ಕಲಿಸಿದ ಪದ್ಧತಿ. ಹಲಗೆ ಯಾರಿಗೆ, ಅಳತೆ ಯಾರದು ಅಂತ ಬರಿಯ ಫೋಮ್ ಮೇಲೆ ಬರೆದು, ಆಮೇಲೆ ಗಾಜಿನ ಬಟ್ಟೆ ಹಾಸಿ ರೆಸಿನ್ ಅಂಟು ಸುರಿಯುತ್ತೇವೆ. ರೆಸಿನ್ ಗಟ್ಟಿಯಾದ ಮೇಲೆ ಅಕ್ಷರ ಹಲಗೆ ಇರುವವರೆಗೂ ಕಾಣುತ್ತದೆ, ಅಳಿಸಲು ಬರುವುದಿಲ್ಲ. ಬಂದ ಕೂಡಲೇ ಒಮ್ಮೆ ನೀವು ಓದಿ ಟೀಚರ್. ದಯವಿಟ್ಟು ಓದಿ.

ಇನ್ನೊಂದು ವಿಷಯ. ಚಿಕ್ಕಕ್ಕ ಹೇಳಿದ ಅಳತೆಗೂ ಒಂದು ಹಲಗೆ ಕೊರೆದಿದ್ದೇನೆ. ಆರಡಿ, ಮೂರು ಇಂಚು, ಸಪಾಟು. ಆಕಾರ ಮುಗಿದಿದೆ, ಗಾಜು ಹಾಕಿಲ್ಲ. ಗೋಡೆಗೆ ಒರಗಿಸಿಟ್ಟಿದ್ದೇನೆ. ನಿಮಗೆ ಮನಸ್ಸು ಬದಲಾದರೆ ದೊಡ್ಡ ಪತ್ರ ಬೇಡ. ಒಂದು ಕಾರ್ಡಿನಲ್ಲಿ "ಕಳುಹಿಸು" ಅಂತ ಒಂದೇ ಪದ ಬರೆಯಿರಿ, ಸಾಕು. ಒಂದು ವಾರದಲ್ಲಿ ಮುಗಿಸಿ ನಾನೇ ತರುತ್ತೇನೆ.

ನಿಮ್ಮ ಸೊಟ್ಟ


ಏಪ್ರಿಲ್ ೪

ಸೊಟ್ಟನಿಗೆ,

ಹಲಗೆ ಸುರಕ್ಷಿತವಾಗಿ ತಲುಪಿತು. ಕಟ್ಟಿದ ಹಗ್ಗದ ಗಂಟು ಬಿಚ್ಚಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಕತ್ತರಿ ಕೊಟ್ಟರೆ, "ಗಂಟು ಕತ್ತರಿಸೋದು ಸೋಮಾರಿಗಳ ಕೆಲಸ" ಎಂದಳು. ಆಮೇಲೆ ಹಜಾರದ ಚಾಪೆಯ ಮೇಲೆ ಮಲಗಿಸಿ, ಎರಡೂ ಅಂಗೈಗಳನ್ನು ಮೂತಿಯಿಂದ ಬಾಲದವರೆಗೆ ಸವರಿದಳು. ನಡುವಿನ ತಗ್ಗಿಗೆ ಬಂದಾಗ ಕೈ ನಿಂತಿತು.

"ಇದೇನು, ತಟ್ಟೆ ಮಾಡಿದ್ದಾನೆ?"

"ಹೊಸ ಮಾದರಿಯಂತೆ" ಎಂದೆ.

ಅವಳು ಅದನ್ನು ಮಗುಚಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಕೆಳಗಿನ ಮೈಯನ್ನು ಬಹಳ ಹೊತ್ತು ನೋಡಿದಳು. ಗಡಿಯಾರದ ಕನ್ನಡಕವನ್ನು ಹಾಕಿಕೊಂಡೇ ನೋಡಿದಳು. ನಾನು ಚಹಾ ತರಲೆಂದು ಒಳಗೆ ಹೋದೆ. ಬಂದಾಗ ಹಲಗೆ ಮತ್ತೆ ಅಂಗಾತವಾಗಿತ್ತು. "ಚೆನ್ನಾಗಿದೆ ಅಕ್ಕಾ. ಕೆಲಸ ಅಚ್ಚುಕಟ್ಟು" ಎಂದಳು. ನೀನು ಬರೆದ ಸಾಲನ್ನು ನಾನು ಓದಲಿಲ್ಲ. ನನ್ನ ಕಣ್ಣಿಗೆ ಪೊರೆ ಬರುತ್ತಿದೆ. ಅಷ್ಟು ಸಣ್ಣ ಪೆನ್ಸಿಲ್ ಅಕ್ಷರ ಕಾಣುವುದಿಲ್ಲ. ಅಂಕಿಗಳಲ್ಲದೆ ಅಲ್ಲಿ ಬೇರೇನಿರುತ್ತದೆ?

ಮೂರು ದಿನ ಬೆಳಿಗ್ಗೆ ನೀರಿಗಿಳಿದಳು. ನಾನು ತೀರದ ಕಲ್ಲುಬೆಂಚಿನ ಮೇಲೆ ಟವೆಲ್ ಹಿಡಿದು ಕುಳಿತೆ. ಮೊದಲ ದಿನ ಇಪ್ಪತ್ತು ಮಾರು ಹೋಗಿ ನಿಂತಳು. ಹಲಗೆ ಕಾಣುತ್ತಲೇ ಇರಲಿಲ್ಲ. ನೀರಿನ ಮೇಲೆ ತಲೆ, ಎರಡು ಕೈ, ಅಷ್ಟೇ. ಒಂದೊಂದು ನೊರೆಯ ಸಾಲೂ ಅವಳನ್ನು ಹೋದಷ್ಟೇ ಹಿಂದಕ್ಕೆ ತಂದು ಹಾಕುತ್ತಿತ್ತು. ಎರಡನೆಯ ದಿನ ಇನ್ನೂ ಕಡಿಮೆ. ಮೂರನೆಯ ದಿನ ಮಂಡಿಯುದ್ದದ ನೀರಿನಲ್ಲಿ ಹಲಗೆ ಹಿಡಿದು ನಿಂತು ಸುಮ್ಮನೆ ದೂರ ನೋಡುತ್ತಿದ್ದಳು. ಹೊರಗೆ ಬಂದು ಟವೆಲ್ ತೆಗೆದುಕೊಂಡು, ನನ್ನ ಮುಖ ನೋಡಿ, ನಿಧಾನವಾಗಿ ಹೇಳಿದಳು:

"ನನ್ನ ಕೈ ಸೋತಿವೆ ಅಕ್ಕಾ. ಹಲಗೆದೇನೂ ತಪ್ಪಿಲ್ಲ."

ನಾನು ಎಣಿಸಿದಂತೆಯೇ ಆಯಿತು. ಒಂದು ಪದವೂ ಹೆಚ್ಚುಕಡಿಮೆಯಿಲ್ಲ. ಈಗ ಹಲಗೆ ಹಿತ್ತಿಲ ಶೆಡ್ಡಿನಲ್ಲಿ ಹಳೆಯವುಗಳ ಜೊತೆಗಿದೆ. ನಾನು ನೆಮ್ಮದಿಯಿಂದಿರಬೇಕು.

ನಿನಗೆ ಕಷ್ಟ ಕೊಟ್ಟೆ.

ನಿನ್ನ ಟೀಚರ್


ಜೂನ್ 6

ಟೀಚರ್‌ಗೆ ನಮಸ್ಕಾರ.

ನೀವು ಎರಡು ತಿಂಗಳಿಂದ ಬರೆದಿಲ್ಲ. ನನ್ನ ತಪ್ಪು ಎಣಿಸುವವರಿಲ್ಲದೆ ಬೇಜಾರು.

ನಾನು ಏನೂ ಕೇಳುವುದಿಲ್ಲ. ಹೇಳುವುದಕ್ಕೂ ನನಗೆ ಅಪ್ಪಣೆ ಇಲ್ಲ. ಆ ಹಲಗೆ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ ಅಂತ ತಿಳಿಸಲು ಬರೆದೆ. ವಾರಕ್ಕೊಮ್ಮೆ ದೂಳು ಒರೆಸುತ್ತೇನೆ. ಕೊಳ್ಳಲು ಇಬ್ಬರು ಬಂದಿದ್ದರು. ಇದಕ್ಕೆ ಜನ ಇದ್ದಾರೆ ಅಂದೆ.

ಒಂದೇ ಪದ ಟೀಚರ್.

ನಿಮ್ಮ ಸೊಟ್ಟ


ಜುಲೈ ೩೦

ಸೊಟ್ಟನಿಗೆ,

ಕಣ್ಣಿನ ಶಸ್ತ್ರಚಿಕಿತ್ಸೆಯ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಬಲಗಣ್ಣು ಈಗ ನಿಚ್ಚಳ. ಎಡಗಣ್ಣಿನದು ಚಳಿಗಾಲಕ್ಕೆ.

ತಂಗಿ ಹೇಗಿದ್ದಾಳೆಂದು ನೀನು ಕೇಳಿಲ್ಲ. ಆದರೂ ತಿಳಿಸುತ್ತೇನೆ. ಅಂಗಡಿಗೆ ಹೋಗುತ್ತಾಳೆ, ಬರುತ್ತಾಳೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಬಣ್ಣ ನೋಡುವವಳಂತೆ ನಟಿಸುತ್ತಾಳೆ. ಸಂಜೆ ಕಿಟಕಿಯ ಬಳಿ ಕುಳಿತರೆ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಳ್ಳುತ್ತಾಳೆ. ಮೂವತ್ತೆರಡು ವರ್ಷ ಅದು ಸಮುದ್ರದ ಕಡೆಗಿತ್ತು. ಮೊನ್ನೆ ಹಜಾರದ ಗಡಿಯಾರ ನಿಂತಿತು. ಗಡಿಯಾರದವಳ ಮನೆಯಲ್ಲಿ ಗಡಿಯಾರ ನಿಲ್ಲುವುದೆಂದರೆ! ಕೇಳಿದರೆ, "ಕೀಲಿ ಕೊಡೋದು ಮರೆತೆ ಅಕ್ಕಾ" ಎಂದು ನಕ್ಕಳು.

ಊಟದ ಹೊತ್ತಿಗೆ ಕೆಲವೊಮ್ಮೆ ನನ್ನನ್ನು ನೋಡುತ್ತಾಳೆ, ಏನನ್ನೋ ಕಾಯುವವಳಂತೆ. ನಾನು ಅವಳನ್ನು ನೋಡುತ್ತೇನೆ. ಆಮೇಲೆ ಯಾರಾದರೊಬ್ಬರು ಉಪ್ಪು ಕೇಳುತ್ತೇವೆ.

ನಿನ್ನ ಎರಡನೆಯ ಹಲಗೆಯ ವಿಚಾರ ನನ್ನ ಮನಸ್ಸಿನಲ್ಲಿಲ್ಲವೆಂದು ತಿಳಿಯಬೇಡ. ಮಳೆ ನಿಲ್ಲಲಿ. ವೈದ್ಯರನ್ನು ಇನ್ನೊಮ್ಮೆ ಕಾಣುವುದಿದೆ. ಆಮೇಲೆ ನೋಡೋಣ.

ನಿನ್ನ ಟೀಚರ್


ಸೆಪ್ಟೆಂಬರ್ ೨೧

ಸೊಟ್ಟನಿಗೆ,

ತಂಗಿ ಮೊನ್ನೆ ಮಧ್ಯಾಹ್ನ ತೀರಿಕೊಂಡಳು. ಅಂಗಡಿಯಲ್ಲಿ ಅಲ್ಲ, ನೀರಿನಲ್ಲಿಯೂ ಅಲ್ಲ. ಕಿಟಕಿಯ ಬಳಿಯ ಕುರ್ಚಿಯಲ್ಲಿ. ನಾನು ಬಟ್ಟೆ ಮಡಿಸುತ್ತ ಅವಳೊಂದಿಗೆ ಮಾತನಾಡುತ್ತಿದ್ದೆ. ಎಷ್ಟು ಹೊತ್ತು ಒಬ್ಬಳೇ ಮಾತನಾಡಿದೆನೋ ತಿಳಿಯದು.

ನೀನು ಬರುವುದು ಬೇಡ. ಎಲ್ಲ ಮುಗಿದಿದೆ.

ಟೀಚರ್


ನವೆಂಬರ್ 10

ಟೀಚರ್‌ಗೆ,

ನೀವು ಬೇಡ ಅಂದಿದ್ದಕ್ಕೆ ಬರಲಿಲ್ಲ. ನಾಲ್ಕು ಸಲ ಹೊರಟು ಬಸ್ ನಿಲ್ದಾಣದಿಂದ ವಾಪಸ್ ಬಂದೆ.

ಇದರ ಜೊತೆ ಒಂದು ಪತ್ರ ಇಟ್ಟಿದ್ದೇನೆ. ಚಿಕ್ಕಕ್ಕ ನನಗೆ ಬರೆದದ್ದು. ಮೂವತ್ತೆರಡು ವರ್ಷದಲ್ಲಿ ಅವರ ಸ್ವಂತ ಅಕ್ಷರದಲ್ಲಿ ನನಗೆ ಬಂದ ಒಂದೇ ಪತ್ರ. ನಿಮಗೆ ತೋರಿಸಬೇಡ ಅಂದಿದ್ದರು. ಅವರು ಇರುವವರೆಗೂ ಮಾತು ಉಳಿಸಿಕೊಂಡೆ. ಒಂದೇ ಮನೆಯಲ್ಲಿದ್ದ ಇಬ್ಬರೂ ನನಗೊಬ್ಬನಿಗೇ ಗುಟ್ಟು ಹೇಳಿದಿರಿ. ಅದನ್ನು ಹೊರಲು ನನಗೆ ಆಗಲಿಲ್ಲ, ಇಳಿಸಲೂ ಆಗಲಿಲ್ಲ. ಜೂನ್‌ನಲ್ಲಿ ಬಾಯಿ ತುದಿಗೆ ಬಂದಿತ್ತು. ಅವತ್ತೇ ಹೇಳಿಬಿಟ್ಟಿದ್ದರೆ ಅಂತ ಈಗ ದಿನಾ ಅಂದುಕೊಳ್ಳುತ್ತೇನೆ.

ಓದಲೇಬೇಕು ಅಂತಿಲ್ಲ. ಆದರೆ ಇದು ನನ್ನ ಬಳಿ ಇರಬೇಕಾದ ಕಾಗದ ಅಲ್ಲ.

ಗೋಡೆಗೆ ಒರಗಿದ ಹಲಗೆಗೆ ಇನ್ನೂ ಗಾಜು ಹಾಕಿಲ್ಲ. ಪೆನ್ಸಿಲ್ ಸಾಲಿನ ಜಾಗ ಖಾಲಿ ಇದೆ.

ನಿಮ್ಮ ಸೊಟ್ಟ


(ಜೊತೆಗಿಟ್ಟ ಪತ್ರ)

ಏಪ್ರಿಲ್ 28

ಏ ಸೊಟ್ಟ,

ನಾನು ಕಣೋ, ಚಿಕ್ಕಕ್ಕ. ನನ್ನ ಅಕ್ಷರ ನೋಡಿ ಹೆದರಬೇಡ. ನಾನು ಮಾತಾಡೋ ಹಾಗೇ ಬರೀತೀನಿ. ಅಕ್ಕ ನೋಡಿದ್ರೆ ಒಂದು ಬಾಟ್ಲಿ ಕೆಂಪು ಇಂಕು ಖರ್ಚಾಗುತ್ತೆ.

ಹಲಗೆ ಬಂದ ದಿನವೇ ನಿನ್ನ ಸಾಲು ಓದಿದೆ. ಇಷ್ಟು ವರ್ಷ ಎಲ್ಲ ಹಲಗೆ ಕೆಳಗೂ ಒಂದೇ ಸಾಲು ಇರ್ತಿತ್ತು: "ಚಿಕ್ಕಕ್ಕನಿಗೆ. ಅಳತೆ ಅವರದೇ." ಈ ಸಲ ಬರೆದಿದ್ದೀಯ: "ಚಿಕ್ಕಕ್ಕನಿಗೆ. ಅಳತೆ ಟೀಚರ್ ಅವರದು." ನಿನ್ನ ಮೇಲೆ ಸಿಟ್ಟಿಲ್ಲ. ಹಲಗೆ ಮೇಲೆ ನೀನು ಸುಳ್ಳು ಬರೆಯಲ್ಲ ಅಂತ ಗೊತ್ತು. ಇನ್ನೊಂದು ಸಲ ಓದಿ, ಹಲಗೆ ಅಂಗಾತ ಮಾಡಿಟ್ಟೆ ಅಷ್ಟೇ. ಅಕ್ಕ ಚಹಾ ತಂದಳು. ಮುಖ ನೋಡಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿ ಥರ ನಿಂತಿದ್ಲು, ಪಾಪ. ಚೆನ್ನಾಗಿದೆ ಅಂದೆ.

ಮೂರು ದಿನ ಅವಳ ಎದುರಿಗೆ ಕೈಹುಟ್ಟು ಹಾಕಿದೆ. ನಾಟಕ ಅಲ್ಲ, ನಿಜಕ್ಕೂ ಹೋಗಲಿಲ್ಲ. ಕಲ್ಲು ಅಪ್ಪಿಕೊಂಡು ಈಜಿದ ಹಾಗೆ. ಕೈ ಸೋತಿವೆ ಅಂದೆ. ಅವಳಿಗೆ ಅದು ಕೇಳಬೇಕಿತ್ತು.

ಆದರೆ ಒಂದು ವಿಷಯ ನಿನಗೆ ಹೇಳಲೇಬೇಕು, ಯಾಕಂದ್ರೆ ಮಾಡಿದವನು ನೀನು. ಹೋದ ಮಂಗಳವಾರ ಅಕ್ಕ ಕಣ್ಣಿನ ಆಸ್ಪತ್ರೆಗೆ ಹೋಗಿದ್ಲು. ಬೆಳಿಗ್ಗೆ ಹತ್ತು ಗಂಟೆ, ನೀರು ಇಳಿದಿತ್ತು. ಹಲಗೆ ತಗೊಂಡು ಮರಳ ದಿಬ್ಬದ ಮೇಲೆ ನಡ್ಕೊಂಡೇ ಹೋದೆ, ಎದೆಮಟ್ಟದ ನೀರಿನ ತನಕ. ಕೈಹುಟ್ಟು ಹಾಕಿದ್ದು ನಾಲ್ಕೇ ನಾಲ್ಕು ಎಳೆತ. ಅಲೆ ಬಂತು. ಮಂಡಿ ಆ ತಗ್ಗಲ್ಲಿ ಕೂತಿದ್ದೇ ತಡ, ಸೊಟ್ಟ, ಏನು ಹೇಳಲಿ! ಹಲಗೆ ಇದೆ ಅಂತಲೇ ಗೊತ್ತಾಗಲಿಲ್ಲ. ಅಂಗೈ ಇಳಿಬಿಟ್ಟರೆ ಅಲೆಯ ಗೋಡೆ ಸವರಬಹುದಿತ್ತು. ಮನಸ್ಸಲ್ಲಿ ಅಂದುಕೊಂಡ ಕಡೆಗೆ ತಿರುಗ್ತಿತ್ತು. ಇಷ್ಟು ವರ್ಷದಲ್ಲಿ ಹಾಗೆ ಒಂದು ಸಲವೂ ಜಾರಿಲ್ಲ. ನನ್ನ ನಿಲ್ಲಿಸೋಕೆ ಅಂತ ಅಕ್ಕ ಮಾಡಿಸಿದ ಹಲಗೆ ಅದು. ನಗು ಬಂತು, ಬಾಯೊಳಗೆ ನೀರು ಹೋಯ್ತು.

ಆಮೇಲೆ ದಡದಲ್ಲಿ ಒಂದು ಗಂಟೆ ಬಿದ್ಕೊಂಡಿದ್ದೆ. ಎದೆ ಹೊಡ್ಕೊಳ್ತಿದ್ದ ರೀತಿಗೆ ಹೆದರಿಕೆಯಾಯ್ತು. ಹಾಗಾಗಿ ಅಕ್ಕನ ಮಾತು ತಪ್ಪು ಅಂತ ನಾನು ಹೇಳಲ್ಲ.

ಅವಳಿಗೆ ಗೊತ್ತಿಲ್ಲದ್ದು ಒಂದೇ. ಅಲೆ ನನಗೆ ಯಾವತ್ತೂ ಮುಖ್ಯ ಅಲ್ಲ ಕಣೋ. ಅದು ಊಟದ ಮೇಲಿನ ಬಾಳೆಹಣ್ಣು. ನನಗೆ ಇಷ್ಟ ಇದ್ದದ್ದು ಕೈಹುಟ್ಟು. ನೆಲದ ಮೇಲೆ ನಾನು ನಡೆದರೆ ಜನ ಕಾಲು ನೋಡ್ತಾರೆ. ಬೋರಲು ಮಲಗಿ ಕೈ ಹಾಕಿದ್ರೆ ನೇರ ಹೋಗ್ತೀನಿ, ಎಲ್ಲರ ಹಾಗೆ. ಅದಕ್ಕೇ ಆ ಅಳತೆ ಹೇಳಿದ್ದು. ದಪ್ಪ, ಸಪಾಟು, ಅಲೆಗೆ ಉಪಯೋಗ ಇಲ್ಲದ್ದು. ದಿಬ್ಬದ ಈಚೆ ಕಡೆ ನೀರು ಸುಮ್ಮನಿರುತ್ತೆ. ಅಲ್ಲೇ ದಡದ ಈ ಬೆಂಚಿನ ನೇರದಿಂದ ಆ ಬೆಂಚಿನ ನೇರಕ್ಕೆ ನಿಧಾನವಾಗಿ ಹೋಗಿ ಬರೋದು. ಅಕ್ಕ ದಡದ ಮೇಲೆ ಜೊತೆಗೆ ನಡೀಬಹುದು. ಅವಳ ಕೈಯಲ್ಲೇ ಬರೆಸಿದೆ, ಅಲೆ ಮೇಲೆ ಹೇಗಾದ್ರೂ ಇರಲಿ ಅಂತ. ಬರೆದಳು, ಓದಲಿಲ್ಲ.

ನಿನ್ನನ್ನ ನಾನು ಬಲ್ಲೆ. ನನ್ನ ಅಳತೆಯದ್ದು ಒಂದು ನಿನ್ನ ಶೆಡ್ಡಲ್ಲಿ ಎಲ್ಲೋ ಒರಗಿರಬೇಕು. ಅದನ್ನ ಈಗ ಕಳಿಸಬೇಡ. ನಾನು ಕೇಳಿ ತರಿಸಿಕೊಂಡರೆ ಅವಳಿಗೆ ಅದು ಇನ್ನೊಂದು ಏಟು. ಅವಳೇ ಬರೀಲಿ. ಅವಳು ಐವತ್ತೊಂದು ವರ್ಷದಿಂದ ಆ ಸೈಕಲ್ ತುಳೀತಾನೇ ಇದ್ದಾಳೆ, ನಾನು ಹಿಂದೆ ಕೂತಿದ್ದೀನಿ ಅಂತ. ನಾನು ಯಾವಾಗಲೋ ಇಳಿದೆ ಅಂತ ಎಷ್ಟು ಸಲ ಹೇಳೋಕೆ ಹೋದರೂ ಮಾತು ತಿರುಗಿಸ್ತಾಳೆ. ಕಳುಹಿಸು ಅಂತ ಅವಳು ತನ್ನ ಕೈಯಾರೆ ಬರೆದ ದಿನ ಅವಳೂ ಇಳಿದ ಹಾಗೆ.

ಬರೀತಾಳೆ ನೋಡು. ಸ್ವಲ್ಪ ನಿಧಾನ, ಅಷ್ಟೇ. ನಾನು ಕಾಯ್ತೀನಿ. ನೀನೂ ಕಾಯಿ.

ಇದನ್ನ ಅವಳಿಗೆ ತೋರಿಸಬೇಡ.

ಚಿಕ್ಕಕ್ಕ


ಡಿಸೆಂಬರ್ ೨

ಸೊಟ್ಟನಿಗೆ,

ಓದಿದೆ.

ಓದಿದ ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು, ಅವಳ ಆರು ಹಲಗೆಗಳನ್ನೂ ಒಂದೊಂದಾಗಿ ಅಂಗಳಕ್ಕೆ ತಂದು ಮಗುಚಿ ಹಾಕಿದೆ. ನೀರು ಕುಡಿದದ್ದನ್ನು ಎಳೆದೇ ತರಬೇಕಾಯಿತು. ನನ್ನ ಬಲಗಣ್ಣು ಈಗ ಚೆನ್ನಾಗಿ ಕಾಣುತ್ತದೆ. ಐದರ ಮೇಲೆ, ಅಳತೆ ಅವರದೇ. ಆರನೆಯದರ ಮೇಲೆ, ಅಳತೆ ಟೀಚರ್ ಅವರದು. ಆರೂ ಸಾಲುಗಳು ನೆಟ್ಟಗಿವೆ. ಒಂದರಲ್ಲಿಯೂ ತಪ್ಪಿಲ್ಲ.

ಮೂವತ್ತೇಳು ವರ್ಷ ನಾನು ಮಕ್ಕಳ ಬರವಣಿಗೆ ತಿದ್ದಿದವಳು. ಚೀಟಿ, ಗೋಡೆಬರಹ, ಔಷಧದ ಬಾಟಲಿಯ ಮೇಲಿನ ಕಾಗದ, ಯಾವುದನ್ನೂ ಓದದೆ ಬಿಟ್ಟವಳಲ್ಲ. ನನ್ನ ಮನೆಯ ಶೆಡ್ಡಿನಲ್ಲಿದ್ದ ಈ ಸಾಲುಗಳನ್ನು ಓದಲಿಲ್ಲ. ಅವಳು ಹೇಳಿ ನಾನೇ ಬರೆದ ವಾಕ್ಯವನ್ನೂ ಓದಲಿಲ್ಲ. ಅವಳು ಕೈಹುಟ್ಟು ಕೇಳಿದಳು. ನಾನು ಅದನ್ನೇ ಆರಿಸಿ ಕಿತ್ತುಕೊಂಡೆ.

ಆರನೆಯ ಹಲಗೆಯ ಮೇಲ್ಮೈಯಲ್ಲಿ ಹಾಸಿರುವ ಮೆತ್ತೆಯಲ್ಲಿ ಮಂಡಿಗಳ ಗುರುತು ಎರಡು ಇವೆ, ಬಹಳ ತೆಳುವಾಗಿ. ಎರಡೂ ಆ ಒಂದೇ ಮಂಗಳವಾರದವು. ಆ ದಿನ ನಾನು ಆಸ್ಪತ್ರೆಯಿಂದ ಬಂದಾಗ ಅವಳ ಕೂದಲು ಒದ್ದೆಯಾಗಿತ್ತು. "ತಲೆಗೆ ಸ್ನಾನ ಮಾಡಿದೆ" ಎಂದಳು. ಮುಖದಲ್ಲಿ ಎಂದೂ ಕಾಣದ ಗೆಲುವಿತ್ತು. ನಾನು ಟವೆಲ್ ಕೊಟ್ಟು, ನೆಗಡಿಯಾಗುತ್ತದೆ ಎಂದು ಗದರಿದೆ.

ಈ ಲಕೋಟೆಯಲ್ಲಿ ಒಂದು ಕಾರ್ಡು ಇಟ್ಟಿದ್ದೇನೆ. ಅದರ ಮೇಲಿನ ತಾರೀಖನ್ನು ನೋಡು: ಜುಲೈ ಮೂವತ್ತೊಂದು. ನಿನಗೆ ಪತ್ರ ಬರೆದ ಮರುದಿನ ಬರೆದದ್ದು. ವಿಳಾಸವಿದೆ, ಅಂಚೆಚೀಟಿ ಹಚ್ಚಿದೆ, ಒಂದೇ ಪದವಿದೆ. ಮಳೆ ನಿಲ್ಲಲಿ ಎಂದು ನಿಘಂಟಿನೊಳಗೆ ಇಟ್ಟೆ. ವೈದ್ಯರನ್ನು ಕೇಳಿ ಹಾಕೋಣ ಎಂದು ಬಿಟ್ಟೆ. ಮಳೆ ಆಗಸ್ಟಿನಲ್ಲಿಯೇ ನಿಂತಿತು. ಅಂಚೆಪೆಟ್ಟಿಗೆ ನಮ್ಮ ಬೀದಿಯ ಮೂಲೆಯಲ್ಲಿದೆ. ಅವಳ ಕುರ್ಚಿಯಿಂದ ಅದು ಕಾಣುತ್ತದೆ. ಕುರ್ಚಿಯನ್ನು ಅವಳು ಬೀದಿಯ ಕಡೆಗೆ ಏಕೆ ತಿರುಗಿಸಿಕೊಂಡಿದ್ದಳೆಂದು ನಿನ್ನೆ ಅದರಲ್ಲಿ ಕುಳಿತಾಗ ತಿಳಿಯಿತು.

ನೀನು ನಿನ್ನನ್ನು ದೂಷಿಸಿಕೊಳ್ಳಬೇಡ. ನಮ್ಮ ಮೂವರಲ್ಲಿ ನಿಜ ಬರೆದವನು ನೀನೊಬ್ಬನೇ.

ಕಾರ್ಡನ್ನು ಈಗ ತಲುಪಿದ್ದೆಂದು ತಿಳಿ. ಹಲಗೆ ಕಳುಹಿಸು. ಅದನ್ನು ಏನು ಮಾಡುವೆನೆಂದು ಕೇಳಬೇಡ, ನನಗೂ ಗೊತ್ತಿಲ್ಲ. ದಿಬ್ಬದ ಈಚೆಗೆ, ಬೆಂಚಿನಿಂದ ಬೆಂಚಿಗೆ ಎಷ್ಟು ದೂರವೆಂದು ಇಂದು ನಡೆದು ನೋಡಿ ಬಂದೆ. ಇನ್ನೂರ ಹನ್ನೆರಡು ಹೆಜ್ಜೆ.

ಕೆಳಗಿನ ಮೈಯಲ್ಲಿ ಹೀಗೆ ಬರೆ: "ಚಿಕ್ಕಕ್ಕನಿಗೆ. ಅಳತೆ ಅವರದೇ. ತಡಮಾಡಿದವಳು ಅಕ್ಕ."

ಗಾಜಿನ ಬಟ್ಟೆ ಹಾಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡು. ಆಮೇಲೆ ತಿದ್ದಲು ಬರುವುದಿಲ್ಲ.

ನಿನ್ನ ಟೀಚರ್